ಬಹಳ ವರ್ಷದ ನಂತರ ಮತ್ತೆ ಚೆಸ್: ನಾನು ಮಾಡಿಕೊಂಡ ತಯಾರಿ

ಆಟ ಬಿಟ್ಟು ಐದಾರು ವರ್ಷವಾದವರು ಮತ್ತೆ ಕೂತಾಗ ಮೊದಲು ಕೈಹಾಕುವುದು ಓಪನಿಂಗ್‌ಗೆ, ಅಂದರೆ ಆಟದ ಮೊದಲ ನಡೆಗಳಿಗೆ. ಸಿಸಿಲಿಯನ್‌ನ ವಿಡಿಯೋ ನೋಡುವುದರಲ್ಲೇ ತಿಂಗಳು ಕಳೆದುಹೋಗುತ್ತದೆ. ನಾನು ಅದಕ್ಕೆ ಒಂದು ವಾರಕ್ಕಿಂತ ಹೆಚ್ಚು ಕೊಡಲಿಲ್ಲ. ಬಿಳಿಯಲ್ಲಿ ಲಂಡನ್; ಕಪ್ಪಿನಲ್ಲಿ ಎದುರಾಳಿ ಇ4 ಆಡಿದರೆ ಕಾರೋ-ಕಾನ್, ಡಿ4 ಆಡಿದರೆ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, ಇಷ್ಟೇ. ಲಂಡನ್‌ನಲ್ಲಿ ಎದುರಾಳಿಯ ರಾಣಿ ಬಿ6ಕ್ಕೆ ಬಂದು ಬಿ2 ಪಾನ್ (ಕಾಲಾಳು) ಕೆಣಕುವುದು ಗೊತ್ತಿರಬೇಕು. ನಮ್ಮ ಪಾನ್ ಸಿ3ಕ್ಕೆ ಬಂದಿದ್ದರೆ ನಮ್ಮ ರಾಣಿಯನ್ನೂ ಬಿ3ಗೆ ತಂದರೆ ಸಾಕು.

ನಿಜವಾಗಿ ತುಕ್ಕು ಹಿಡಿದಿರುವುದು ಕಣ್ಣಿಗೆ. ಮೂಲೆಯಲ್ಲಿ ಕೂತ ಎದುರಾಳಿಯ ಒಂಟೆ (ಬಿಷಪ್) ಕಾಣುವುದಿಲ್ಲ. ಕುದುರೆ ಹಿಂದಕ್ಕೆ ಹಾರಿ ಫೋರ್ಕ್ (ಒಂದೇ ನಡೆಯಲ್ಲಿ ಎರಡು ಕಾಯಿಗೆ ಗುರಿ) ಹಾಕುವುದು ಹೊಳೆಯುವುದಿಲ್ಲ. ಇದಕ್ಕೆ ದಿನವೂ ಅರ್ಧ ಗಂಟೆ ಪಜಲ್. ಲಿಚೆಸ್ ವೆಬ್‌ಸೈಟ್‌ನಲ್ಲಿ ಎಲ್ಲವೂ ಉಚಿತ, ವಿಷಯವಾರು ಆರಿಸಿಕೊಳ್ಳಲೂಬಹುದು: ಫೋರ್ಕ್, ಪಿನ್ (ಹಿಂದಿನ ದೊಡ್ಡ ಕಾಯಿಯಿಂದಾಗಿ ಮುಂದಿನದು ಕದಲಲಾಗದ್ದು), ಕೊನೆ ಸಾಲಿನ ಮೇಟ್, ರಕ್ಷಣೆಯಿಲ್ಲದ ಕಾಯಿ. ಸುಲಭದವನ್ನೇ ತೆಗೆದುಕೊಂಡೆ, ಹತ್ತು ಹನ್ನೆರಡು ಮಾತ್ರ. ರಾಣಿಯನ್ನೇ ಬಲಿಕೊಡುವ ಚಂದದ ಪಜಲ್‌ಗಳು ಭಾನುವಾರದ ಟೂರ್ನಿಯಲ್ಲಿ ಬರುವುದು ಅಪರೂಪ; ಅಲ್ಲಿ ಆಟ ನಿರ್ಧಾರವಾಗುವುದು ಒಂದು ಪುಕ್ಕಟೆ ಕಾಯಿಯಿಂದ. ಎದುರಾಳಿಯ ಉತ್ತರವನ್ನೂ ಸೇರಿಸಿ ಪೂರ್ತಿ ಸಾಲು ತಲೆಯಲ್ಲಿ ಮುಗಿಯುವವರೆಗೆ ಪರದೆ ಮುಟ್ಟಬಾರದು. ತಪ್ಪಾದದ್ದನ್ನು ನಿಜವಾದ ಬೋರ್ಡ್ ಮೇಲೆ ಜೋಡಿಸಿ ನೋಡಬೇಕು. ಮೊಬೈಲ್‌ನಲ್ಲೇ ಆಡಿ ರೂಢಿಯಾದವರಿಗೆ ಎದುರಿನ ಬೋರ್ಡ್‌ನ ಕರ್ಣಗಳು ಮೊದಮೊದಲು ಓರೆಯಾಗಿ ಕಾಣುತ್ತವೆ. ರಾಜ ಒಂಬತ್ತೂವರೆ ಸೆಂ.ಮೀ. ಎತ್ತರ, ಮನೆ ಐದರಿಂದ ಆರು ಸೆಂ.ಮೀ. ಇರುವ ಸುತ್ತಿಡುವ ರೆಕ್ಸಿನ್ ಬೋರ್ಡ್ ಸಾಕು. ಟೂರ್ನಿಯಲ್ಲೂ ಅದೇ ಅಳತೆ.

ಪಜಲ್‌ನ ಒಂದು ಕೊರತೆಯೆಂದರೆ, ಇಲ್ಲಿ ಏನೋ ಇದೆ ಎಂದು ಅದು ಮೊದಲೇ ಹೇಳಿಬಿಟ್ಟಿರುತ್ತದೆ. ಆಟದಲ್ಲಿ ಯಾರೂ ಹೇಳುವುದಿಲ್ಲ. ಹಾಗಾಗಿ ನಡೆ ನಿರ್ಧಾರವಾದ ಮೇಲೆ ಕೈಗಳನ್ನು ಮೇಜಿನ ಕೆಳಗಿಟ್ಟು, ಆ ನಡೆ ಆಡಿಯಾಗಿದೆ ಎಂದುಕೊಂಡು ಎದುರಾಳಿಯ ಚೆಕ್, ಹೊಡೆತ, ಬೆದರಿಕೆ ಇದೇ ಕ್ರಮದಲ್ಲಿ ನೋಡುವುದು. ಹತ್ತು ಸೆಕೆಂಡಿನ ಕೆಲಸ. ಆನ್‌ಲೈನ್ ಆಟವನ್ನು ಹದಿನೈದು ನಿಮಿಷ, ನಡೆಗೆ ಹತ್ತು ಸೆಕೆಂಡ್ ಸೇರುವ ಲೆಕ್ಕದಲ್ಲಿ ದಿನಕ್ಕೊಂದೇ ಆಡಿದೆ. ಕೆಲವೇ ನಿಮಿಷದ ಬ್ಲಿಟ್ಜ್‌ನಲ್ಲಿ ಈ ಅಭ್ಯಾಸ ಕೂರುವುದೇ ಇಲ್ಲ, ಕೈ ಮೊದಲು ಓಡುತ್ತದೆ. ಆಟ ಮುಗಿದ ಮೇಲೆ ಸ್ಟಾಕ್‌ಫಿಶ್ (ಚೆಸ್ ಎಂಜಿನ್) ತೆರೆಯುವ ಮುಂಚೆ ಎಲ್ಲಿ ಅನುಮಾನ ಬಂತು, ಎಲ್ಲಿ ಸಮಯ ಸುರಿದೆ ಎಂದು ಬರೆದಿಡಬೇಕು. ಎಂಜಿನ್ ಮೊದಲೇ ಉತ್ತರ ತೋರಿಸಿದರೆ ನಮ್ಮ ಯೋಚನೆ ತಪ್ಪಿದ್ದು ಎಲ್ಲಿ ಎಂಬುದು ಗೊತ್ತಾಗುವುದಿಲ್ಲ.

ಕೊನೆಯಾಟದಲ್ಲಿ ಕಲಿಯಬೇಕಾದದ್ದು ಕಡಿಮೆ, ಫಲ ಜಾಸ್ತಿ. ನಮ್ಮ ರಾಜ ಆರನೇ ಸಾಲಿನಲ್ಲಿ, ಪಾನ್ ಅದರ ಹಿಂದೆ ಐದರಲ್ಲಿ ಇದ್ದರೆ ಸರದಿ ಯಾರದೇ ಇರಲಿ ಗೆಲುವು. ಅಂಚಿನ ಪಾನ್ ಮಾತ್ರ ಇದಕ್ಕೆ ಹೊರತು. ಆನೆಗಳು ಉಳಿದ ಕೊನೆಯಾಟದಲ್ಲಿ ತಿಳಿದಿರಬೇಕಾದ್ದು ಎರಡು ಸ್ಥಿತಿ. ಲುಸೆನಾದಲ್ಲಿ ಪಾನ್ ಏಳರಲ್ಲಿ, ರಾಜ ಅದರ ಮುಂದೆ: ಆನೆಯನ್ನು ನಾಲ್ಕನೇ ಸಾಲಿಗೆ ತಂದಿಟ್ಟು, ರಾಜ ಹೊರಬಂದಾಗ ಬೀಳುವ ಚೆಕ್‌ಗಳಿಗೆ ಕೊನೆಗೆ ಅದನ್ನೇ ಅಡ್ಡ ಹಾಕುವುದು. ಫಿಲಿಡಾರ್‌ನಲ್ಲಿ ನಾವು ಕಾಯುವವರು: ನಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ಆನೆ ಇಟ್ಟು ಅವರ ರಾಜನನ್ನು ತಡೆಯಬೇಕು, ಪಾನ್ ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆ ದೂರದ ತುದಿಗೆ ಹೋಗಿ ಹಿಂದಿನಿಂದ ಚೆಕ್ ಕೊಡಬೇಕು. ಇದೆಲ್ಲ ಶುರುವಿನವರ ಪಾಠ ಎನ್ನುವವರು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೇ ಆಟ ತೆಗೆದು ನೋಡಲಿ. 55ನೇ ನಡೆಯಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳು ಹೋದವು, ಮೂಲೆ ಸೇರಿದ್ದ ಅವರ ಒಂಟೆಗೆ ವಿನಿಮಯ ತಪ್ಪಿಸಲು ದಾರಿಯಿರಲಿಲ್ಲ. ಉಳಿದದ್ದು ಬರೀ ರಾಜ ಮತ್ತು ಪಾನ್. ಗುಕೇಶ್ ವಿಶ್ವ ಚಾಂಪಿಯನ್ ಆದದ್ದು ಅಲ್ಲಿ.

ಈ ನಡುವೆ ನಿಯಮಗಳೂ ಬದಲಾಗಿವೆ. ಕ್ಯಾಸಲಿಂಗ್‌ಗೆ (ರಾಜ, ಆನೆ ಒಂದೇ ನಡೆಯಲ್ಲಿ ಸರಿಸುವುದು), ಕಾಯಿ ಹೊಡೆಯುವುದಕ್ಕೆ ಎರಡೂ ಕೈ ಬಳಸಿ ಕ್ಲಾಕ್ ಒತ್ತಿದರೆ ಅದು ಅಕ್ರಮ ನಡೆ. ಕಡಿಮೆ ಸಮಯದ ರಾಪಿಡ್ ಆಟದಲ್ಲಿ ಮೊದಲನೆಯದಕ್ಕೆ ಎದುರಾಳಿಗೆ ಎರಡು ನಿಮಿಷ ಹೆಚ್ಚು, ಎರಡನೆಯದಕ್ಕೆ ಸೋಲು. ಪಾನ್ ಎಂಟನೇ ಸಾಲು ಮುಟ್ಟಿದಾಗ ಎರಡನೇ ರಾಣಿ ಹತ್ತಿರ ಇಲ್ಲದಿದ್ದರೆ ಕ್ಲಾಕ್ ನಿಲ್ಲಿಸಿ ಆರ್ಬಿಟರ್‌ನ (ತೀರ್ಪುಗಾರ) ಕರೆಯಿರಿ. ಬೀದಿ ಆಟದ ಹಾಗೆ ಆನೆಯನ್ನು ತಲೆಕೆಳಗಿಟ್ಟರೆ ಅದು ಆನೆಯೇ. ಹಳೆಯ ರೇಟಿಂಗ್ (ಆಟದ ಮಟ್ಟ ಹೇಳುವ ಅಂಕ) ಇದ್ದವರು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. 2024ರ ಮಾರ್ಚ್ 1ರಿಂದ ಕನಿಷ್ಠ ರೇಟಿಂಗ್ 1400. ಎರಡು ಸಾವಿರಕ್ಕಿಂತ ಕೆಳಗಿದ್ದವರಿಗೆ ಕೊರತೆಯ ಶೇ. 40ರಷ್ಟು ಸೇರಿತು: 1200 ಇದ್ದದ್ದು 1520.

ದಾವಣಗೆರೆ, ಚಿತ್ರದುರ್ಗದ ಕಡೆ ಸುಲಭವಾಗಿ ಸಿಗುವುದು ಒಂದು ದಿನದ ರಾಪಿಡ್. ಎದುರಿಗೆ ಹೆಚ್ಚಾಗಿ ಶಾಲೆ ಮಕ್ಕಳೇ ಕೂರುತ್ತಾರೆ, ಅವರ ರೇಟಿಂಗ್ ಅವರ ಆಟಕ್ಕಿಂತ ಹಿಂದಿರುತ್ತದೆ. ಓಪನಿಂಗ್ ಬಾಯಿಪಾಠ, ಹೊಡೆದಾಟದಲ್ಲಿ ಚುರುಕು. ಅವರ ವೇಗಕ್ಕೆ ಸರಿಸಮ ಆಡಹೋದವರು ಕೆಡುತ್ತಾರೆ. ರಾಣಿ ಬದಲಾಯಿಸಿ, ಪಾನ್‌ಗಳನ್ನು ಉಳಿಸಿಕೊಂಡು, ಉದ್ದದ ಆಟಕ್ಕೆ ಎಳೆದರೆ ಅವರಿಗೆ ಬೇಜಾರು ಬರುತ್ತದೆ, ತಾವಾಗಿಯೇ ಪಾನ್ ತಳ್ಳುತ್ತಾರೆ. ಮಧ್ಯಾಹ್ನದ ಸುತ್ತಿಗೆ ಮುಂಚೆ ಬೆಣ್ಣೆ ದೋಸೆ ಬೇಡ, ಸಂಜೆಗೆ ಇಟ್ಟುಕೊಳ್ಳಿ. ಬಾಳೆಹಣ್ಣು, ನೀರು ಸಾಕು.

ಹೆಚ್ಚು ಸಮಯ ಕೊಡುವ ಕ್ಲಾಸಿಕಲ್ ರೇಟೆಡ್ ಟೂರ್ನಿಗೆ ಬೆಂಗಳೂರಿನಂಥ ಊರಿಗೆ ಹೋಗಬೇಕಾದರೆ ಪ್ರಕಟಣೆಯಲ್ಲಿ ಎರಡು ವಿಷಯ ಮೊದಲು ಓದಿ: ತಡವಾಗಿ ಬಂದವರಿಗೆ ಎಷ್ಟು ನಿಮಿಷ ಅವಕಾಶ, ಅರ್ಧ ಅಂಕದ ಬೈ (ಒಂದು ಸುತ್ತು ಆಡದೆ ಬಿಡುವ ಅವಕಾಶ) ಸಿಗುತ್ತದೆಯೇ. ಬೆಳಗಿನ ರೈಲು ನಂಬಿ ಹೊರಡುವವರು ಬೈ ಇದ್ದರೆ ಮೊದಲ ಸುತ್ತಿಗೇ ಅದನ್ನು ಮುಂಚಿತವಾಗಿ ಬರೆದು ಕೇಳಿಬಿಡುವುದು ಒಳ್ಳೆಯದು; ಜೋಡಿ ಪ್ರಕಟವಾದ ಮೇಲೆ ಕೇಳಿದರೆ ಕೊಡುವುದಿಲ್ಲ.