ಯಾರ್ಕ್‌ಗೆ ಬರ್ತಿದೀರಾ? ಬೆಳಗ್ಗೆ ಹತ್ತರೊಳಗೆ ಊರು ನೋಡ್ಬಿಡಿ

ಪ್ರತಿ ವರ್ಷ ಸೆಪ್ಟೆಂಬರ್ ಹತ್ರ ಬಂದಂಗೆ ಊರ ಕಡೆಯಿಂದ ಯಾರಾದ್ರೂ ಫೋನ್ ಮಾಡಿ "ಮಗಳಿಗೆ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸೀಟ್ ಆಗಿದೆ, ಹೆಂಗಿದೆ ಆ ಊರು" ಅಂತ ಕೇಳ್ತಾರೆ, ಎಲ್ರಿಗೂ ಅದೇ ಉತ್ತರ ಹೇಳಿ ಸಾಕಾಗಿ ಈಗ ಒಂದೇ ಸಲ ಬರ್ದು ಹಾಕ್ತಿದೀನಿ.

ಮೊದ್ಲು ಬರೋದು. ಎಲ್ರೂ ಲಂಡನ್ನಿನ ಹೀಥ್ರೋಗೇ ಟಿಕೆಟ್ ತಗೋತಾರೆ, ಆದ್ರೆ ದುಬೈ ಇಲ್ಲಾ ದೋಹಾ ಮೇಲೆ ಮ್ಯಾಂಚೆಸ್ಟರ್‌ಗೆ ಇಳಿದ್ರೆ ಏರ್‌ಪೋರ್ಟ್ ಸ್ಟೇಷನ್ನಿಂದಲೇ ಯಾರ್ಕ್‌ಗೆ ನೇರ ಟ್ರೈನ್ ಇದೆ, ಎರಡು ದೊಡ್ಡ ಸೂಟ್‌ಕೇಸ್ ಎಳ್ಕೊಂಡು ಲಂಡನ್ ಮೆಟ್ರೋ ಮೆಟ್ಲು ಹತ್ತಿ ಇಳಿಯೋ ಕಷ್ಟ ಇಲ್ಲ. ಲಂಡನ್ ಕಡೆಯಿಂದಾನೇ ಬರೋದಾದ್ರೆ ಕಿಂಗ್ಸ್ ಕ್ರಾಸ್ ಸ್ಟೇಷನ್ನಿಂದ ಟ್ರೈನಲ್ಲಿ ಸುಮಾರು ಎರಡು ಗಂಟೆ. ಅಡ್ವಾನ್ಸ್ ಟಿಕೆಟ್ ಅಗ್ಗ, ಆದ್ರೆ ಅದು ಆ ಒಂದು ಟ್ರೈನಿಗೆ ಮಾತ್ರ, ಫ್ಲೈಟ್ ಲೇಟಾಯ್ತು ಅಂದ್ರೆ ದುಡ್ಡು ಹೋಯ್ತು, ಹಂಗಾಗಿ ಬರೋ ದಿನ ಅದರ ಆಸೆ ಬೇಡ. ಬಂದ ಮೇಲೆ 16-25 ರೈಲ್‌ಕಾರ್ಡ್ ಮಾಡಿಸ್ಕೊಳ್ಳಿ, ಟ್ರೈನ್ ಟಿಕೆಟ್ ರೇಟಲ್ಲಿ ಮೂರನೇ ಒಂದು ಭಾಗ ಕಡಿಮೆ ಆಗತ್ತೆ, ವಯಸ್ಸು ಇಪ್ಪತ್ತಾರು ದಾಟಿದ್ರೂ ಫುಲ್ ಟೈಮ್ ಸ್ಟೂಡೆಂಟ್ ಆಗಿದ್ರೆ ಕೊಡ್ತಾರೆ, ಇದು ಗೊತ್ತಿಲ್ದೆ ನಾನು ಒಂದು ವರ್ಷ ಪೂರ್ತಿ ರೇಟ್ ಕೊಟ್ಟಿದೀನಿ.

ಸೂಟ್‌ಕೇಸಲ್ಲಿ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ತನ್ನಿ. ತುಪ್ಪ, ಧಾರವಾಡ ಪೇಡ ಬೇಡ, ಹಾಲಿನ ಪದಾರ್ಥ ಇಂಡಿಯಾದಿಂದ ಈ ದೇಶದೊಳಗೆ ತರಂಗಿಲ್ಲ, ಹಿಡಿದ್ರೆ ಕಸಕ್ಕೆ ಹಾಕ್ತಾರೆ, ಅಮ್ಮ ಎಷ್ಟೇ ಬೇಜಾರು ಮಾಡ್ಕೊಂಡ್ರೂ ಸರಿ.

ಈಗ ಊರು. ಕ್ರಿ.ಶ. 71ರಲ್ಲಿ ರೋಮನ್ನರು ದಂಡು ಇಳಿಸೋಕೆ ಕಟ್ಟಿದ ಜಾಗ ಇದು, 306ರಲ್ಲಿ ಕಾನ್‌ಸ್ಟಂಟೈನ್‌ನನ್ನ ಸೈನಿಕರು ರೋಮನ್ ಚಕ್ರವರ್ತಿ ಅಂತ ಘೋಷಿಸಿದ್ದು ಇಲ್ಲೇ. 866ರಲ್ಲಿ ಸ್ಕ್ಯಾಂಡಿನೇವಿಯಾ ಕಡೆಯ ವೈಕಿಂಗ್‌ಗಳು ಬಂದು ಹಿಡ್ಕೊಂಡ್ರು, ಅವ್ರು ಹೋಗಿ ಸಾವಿರ ವರ್ಷ ಆದ್ರೂ ಅವ್ರ ಮಾತು ಬೀದಿ ಹೆಸರಲ್ಲಿ ಉಳ್ಕೊಂಡಿದೆ. ಸ್ಟೋನ್‌ಗೇಟ್, ಕಾಪರ್‌ಗೇಟ್ ಅಂತೆಲ್ಲಾ ಓದಿ ಗೇಟ್ ಎಲ್ಲಿ ಅಂತ ಹುಡುಕ್ಬೇಡಿ, ಗೇಟ್ ಅಂದ್ರೆ ಅವ್ರ ಭಾಷೇಲಿ ಬೀದಿ. ಕೋಟೆ ಬಾಗಿಲಿಗೆ ಇಲ್ಲಿ ಬಾರ್ ಅಂತಾರೆ, ಬೂಥಮ್ ಬಾರ್, ಮಂಕ್ ಬಾರ್, ಹಿಂಗೆ. ಕುಡಿಯೋ ಬಾರ್‌ಗೆ ಪಬ್. ಮಿಕಲ್‌ಗೇಟ್ ಬಾರ್ ಹತ್ರ ಸಿಗೋಣ ಅಂತ ಕ್ಲಾಸ್‌ಮೇಟ್ ಅಂದ್ರೆ ಕುಡಿಯೋಕೆ ಕರೀತಿದಾನೆ ಅಂತ ಅಂದ್ಕೋಬೇಡಿ, ಅದು 1460ರಲ್ಲಿ ಯಾರ್ಕ್‌ನ ಡ್ಯೂಕ್ ರಿಚರ್ಡ್‌ನ ತಲೆ ಕಡಿದು ನೇತು ಹಾಕಿದ್ದ ಬಾಗಿಲು.

ನೋಡೋರಿಗೆ ನಾನು ಹೇಳೋದು ಇಷ್ಟೇ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಈ ಊರು ಟೂರಿಸ್ಟ್‌ಗಳದ್ದು, ನೀವು ಅದಕ್ಕಿಂತ ಮುಂಚೆ ಇಲ್ಲಾ ಆಮೇಲೆ ಬನ್ನಿ. ಶ್ಯಾಂಬಲ್ಸ್ ಅನ್ನೋ ಬೀದಿ ನೋಡಿ, ಹಳೇ ಕಟುಕರ ಬೀದಿ, ಮರದ ಮನೆಗಳು ಮೇಲ್ಗಡೆ ಮುಂದಕ್ಕೆ ಬಾಗಿ ಒಂದಕ್ಕೊಂದು ಮುಟ್ಟೋ ಹಂಗಿದಾವೆ, ಮಾಂಸದ ಮೇಲೆ ಬಿಸಿಲು ಬೀಳಬಾರ್ದು ಅಂತ ಹಂಗಿದ್ರೆ ಅನುಕೂಲ, ಮಾಂಸ ನೇತು ಹಾಕ್ತಿದ್ದ ಕೊಕ್ಕೆಗಳು ಈಗ್ಲೂ ಕೆಲವು ಅಂಗಡಿ ಮುಂದೆ ಇದಾವೆ. ಮಧ್ಯಾಹ್ನ ಹೋದ್ರೆ ಕೊಕ್ಕೆ ಅಲ್ಲ ಬರೀ ಜನರ ಬೆನ್ನು ಕಾಣತ್ತೆ. ಬೆಳಗ್ಗೆ ಏಳೂವರೆಗೆ ಹೋದ್ರೆ ಬೀದಿ ಗುಡಿಸೋನು ಮತ್ತು ನೀವು ಇಬ್ರೇ.

ಕೋಟೆ ಗೋಡೆ ಮೇಲೆ ನಡೆಯೋದು ಪೂರ್ತಿ ಫ್ರೀ, ಎಂಟಕ್ಕೆ ತೆಗೀತಾರೆ, ಕತ್ತಲಾಗ್ತಿದ್ದಂಗೆ ಮುಚ್ತಾರೆ. ಒಟ್ಟು ಸುಮಾರು ಮೂರೂವರೆ ಕಿಲೋಮೀಟರ್, ಪೂರ್ತಿ ಆಗಲ್ಲ ಅಂದ್ರೆ ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗಿನ ತುಂಡು ಮಾತ್ರ ಮಾಡಿ, ಮಿನ್‌ಸ್ಟರ್ ಹಿಂಭಾಗ, ಪಾದ್ರಿಗಳ ತೋಟ ಎಲ್ಲಾ ಅಲ್ಲಿಂದ ಚೆನ್ನಾಗಿ ಕಾಣತ್ತೆ. ಕೆಲವು ಕಡೆ ಒಳಬದಿಗೆ ಕಂಬಿ ಇಲ್ಲ, ಮಕ್ಕಳ ಕೈ ಬಿಡ್ಬೇಡಿ.

ಮಿನ್‌ಸ್ಟರ್ ಅಂದ್ರೆ ದೊಡ್ಡ ಚರ್ಚು, ಒಳಗೆ ಹೋಗಕ್ಕೆ ಟಿಕೆಟ್ ಇದೆ, ಕಡಿಮೆ ಏನಲ್ಲ. ಆದ್ರೆ ಯಾರ್ಕ್ ವಾಸಿಗಳಿಗೆ ಫ್ರೀ, ಅಡ್ರೆಸ್ ಪ್ರೂಫ್ ತೋರಿಸ್ಬೇಕು, ಹಂಗಾಗಿ ಮನೆ ಸೆಟ್ ಆಗೋವರೆಗೂ ತಡ್ಕೊಳ್ಳಿ. ಬರೀ ನೋಡಕ್ಕೆ ಬಂದಿರೋ ಅಪ್ಪ ಅಮ್ಮ ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಹೋಗಿ ಕೂತ್ಕೋಬಹುದು, ಅದಕ್ಕೆ ದುಡ್ಡಿಲ್ಲ, ಯಾವ ಧರ್ಮ ಅಂತ ಯಾರೂ ಕೇಳಲ್ಲ, ಆ ಕಲ್ಲಿನ ಕಮಾನುಗಳ ಕೆಳಗೆ ಹಾಡು ಕೇಳೋದು ನನಗಂತೂ ಟಿಕೆಟ್ ತಗೊಂಡು ತಿರುಗಿದ್ದಕ್ಕಿಂತ ಜಾಸ್ತಿ ಹಿಡಿಸ್ತು. ಪೂರ್ವದ ದೊಡ್ಡ ಕಿಟಕಿ ನೋಡೋದ್ ಮಾತ್ರ ಬಿಡ್ಬೇಡಿ, ಹೆಚ್ಚುಕಮ್ಮಿ ಒಂದು ಟೆನಿಸ್ ಕೋರ್ಟ್ ಅಷ್ಟಿದೆ, ಜಾನ್ ಥಾರ್ನ್‌ಟನ್ ಅನ್ನೋ ಕುಶಲಕರ್ಮಿ 1405ರಿಂದ 1408ರೊಳಗೆ ಬಣ್ಣದ ಗಾಜಲ್ಲಿ ಸೃಷ್ಟಿಯಿಂದ ಪ್ರಳಯದವರೆಗೆ ಕೂರಿಸಿದಾನೆ.

ಮಳೆ ಬಂದ್ರೆ ಸ್ಟೇಷನ್ ಹಿಂದಿರೋ ರೈಲ್ವೆ ಮ್ಯೂಸಿಯಂ, ಅದೂ ಫ್ರೀ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್ ಉಗಿ ಇಂಜಿನ್ ಇದೆ, ಜಪಾನಿನ ಬುಲೆಟ್ ಟ್ರೈನ್ ಡಬ್ಬಿ ಹತ್ತಿ ಕೂರಬಹುದು. ಅಪ್ಪಂದಿರನ್ನ ಒಳಗೆ ಬಿಟ್ಟು ನೀವು ಬೇರೆ ಕೆಲಸ ಮುಗಿಸ್ಕೊಂಡು ಬನ್ನಿ.

ಇರೋರಿಗೆ ಮನೆ ವಿಷಯ. ಗೋಡೆ ಒಳಗಡೆ ಮನೆ ಚಂದ ಅಂತ ಆಸೆ ಆಗತ್ತೆ, ಬಾಡಿಗೆ ಕೇಳಿದ್ರೆ ಆ ಆಸೆ ಇಳಿಯತ್ತೆ. ಯೂನಿವರ್ಸಿಟಿ ಇರೋದು ಹೆಸ್ಲಿಂಗ್ಟನ್ ಕಡೆ, ಹಂಗಾಗಿ ಫಿಶರ್‌ಗೇಟ್, ಹಲ್ ರೋಡ್, ಟ್ಯಾಂಗ್ ಹಾಲ್ ಕಡೆ ನೋಡಿ. ಊರು ಚಪ್ಪಟೆ, ಸೆಕೆಂಡ್ ಹ್ಯಾಂಡ್ ಸೈಕಲ್ ಇದ್ರೆ ಬಸ್ಸೇ ಬೇಡ, ಲೈಟ್ ಹಾಕ್ಸಿ ಯಾಕಂದ್ರೆ ಡಿಸೆಂಬರಲ್ಲಿ ನಾಲ್ಕು ಗಂಟೆಗೆಲ್ಲಾ ಕತ್ತಲು. ಡಿಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳಂಗಿಲ್ಲ, ಕೊಟ್ಟ ಮೂವತ್ತು ದಿನದೊಳಗೆ ಸರ್ಕಾರ ಒಪ್ಪಿರೋ ಸ್ಕೀಮಲ್ಲಿ ಓನರ್ ಅದನ್ನ ಇಡ್ಬೇಕು, ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಬಂದ ದಿನವೇ ಗೋಡೆ, ಮೂಲೆ, ಬಾತ್‌ರೂಮ್ ಎಲ್ಲಾ ಫೋಟೋ ತೆಗೆದಿಡಿ. ನಮ್ಮ ಮನೇಲಿ ಮುಂಚೆಯಿಂದಾನೇ ಇದ್ದ ಬೂಷ್ಟಿಗೆ ನಮ್ಮಿಂದ ದುಡ್ಡು ಹಿಡಿಯಕ್ಕೆ ನೋಡಿದ್ರು, ಫೋಟೋ ಇತ್ತು, ಬಚಾವಾದ್ವಿ. ಹಳೇ ಇಟ್ಟಿಗೆ ಮನೆಗಳಲ್ಲಿ ಬಟ್ಟೆ ಒಳಗೇ ಒಣಗಿಸಿ ಕಿಟಕಿ ಮುಚ್ಚಿದ್ರೆ ಒಂದು ತಿಂಗಳಲ್ಲಿ ಬೂಷ್ಟು ಗ್ಯಾರಂಟಿ.

ಇನ್ನೊಂದು, ನದಿ. ಊಜ್ ನದಿ ದಂಡೆಲಿ ಮನೆ ನೋಡೋವಾಗ ಜಾಗ್ರತೆ. ಇಲ್ಲಿ ಮಳೆ ಇಲ್ದೇ ಇದ್ರೂ ಮೇಲ್ಗಡೆ ಡೇಲ್ಸ್ ಗುಡ್ಡಗಳಲ್ಲಿ ಸುರಿದ ನೀರು ಆಮೇಲೆ ಇಲ್ಲಿಗೆ ಬರತ್ತೆ, ಬಿಸಿಲಿರೋ ದಿನಾನೂ ದಂಡೆ ಮೇಲಿನ ದಾರಿ ಮುಳುಗಿರೋದು ನೋಡಿದೀನಿ. 2015ರ ಡಿಸೆಂಬರಲ್ಲಿ ಫಾಸ್ ಅನ್ನೋ ಚಿಕ್ಕ ನದಿಗೆ ಊಜ್ ನೀರು ನುಗ್ಗದಂಗೆ ತಡೆಯೋ ಗೇಟನ್ನೇ ಎತ್ತಬೇಕಾಗಿ ಬಂದು ನೂರಾರು ಮನೆಗೆ ನೀರು ನುಗ್ಗಿತ್ತು. ನದಿ ಪಕ್ಕದ ಕಿಂಗ್ಸ್ ಆರ್ಮ್ಸ್ ಪಬ್ಬೊಳಗೆ ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗುರುತು ಹಾಕಿದಾರೆ, ಅಗ್ರಿಮೆಂಟ್‌ಗೆ ಸೈನ್ ಹಾಕೋ ಮುಂಚೆ ಹೋಗಿ ನೋಡ್ಕೊಂಡ್ ಬನ್ನಿ.

ಊಟಕ್ಕೆ ಸಸ್ಯಾಹಾರಿಗಳು ಒಂದು ತಿಳ್ಕೊಳ್ಳಿ, ಯಾರ್ಕ್‌ಶೈರ್ ಕಡೆ ತುಂಬಾ ಫಿಶ್ ಅಂಗಡಿಗಳಲ್ಲಿ ಚಿಪ್ಸ್ ಕರಿಯೋದು ದನದ ಕೊಬ್ಬಲ್ಲಿ, ಆಲೂಗಡ್ಡೆ ತಾನೇ ಅಂತ ತಿನ್ಬೇಡಿ, ಕೇಳಿ. ದಿನಸಿಗೆ ಇಲ್ಲಿ ಸಣ್ಣ ಏಷ್ಯನ್ ಅಂಗಡಿ ಸಾಕು, ದೊಡ್ಡ ಮೂಟೆ ಅಕ್ಕಿ, ಬೇಳೆ ಬೇಕಂದ್ರೆ ಟ್ರೈನಲ್ಲಿ ಅರ್ಧ ಗಂಟೆ ದೂರದ ಲೀಡ್ಸ್.

ಮತ್ತೆ ಪಕ್ಕದ ಮನೆ ಅಜ್ಜಿ ಟೀಗೆ ಬಾ ಅಂದ್ರೆ ಊಟ ಮಾಡ್ಕೊಂಡು ಹೋಗ್ಬೇಡಿ. ಈ ಕಡೆ ಟೀ ಅಂದ್ರೆ ರಾತ್ರಿ ಊಟ, ನಾನು ಹೊಟ್ಟೆ ತುಂಬಾ ಅನ್ನ ಸಾರು ತಿಂದು ಒಂದು ಪ್ಯಾಕೆಟ್ ಬಿಸ್ಕತ್ ಹಿಡ್ಕೊಂಡು ಹೋದೆ, ಟೇಬಲ್ ಮೇಲೆ ನನ್ನೊಬ್ಬಳಿಗೇ ಅಂತ ಮಾಡಿದ್ದ ಒಂದಿಡೀ ಚೀಸ್ ಪೈ ಇತ್ತು.