ಅಡೀಚನೂರು ಅಂದರೆ ಎಷ್ಟು?

ಕಿರಾಣಿ ಅಂಗಡಿಯವರು ಉದ್ರಿ ಲೆಕ್ಕ ಬರೆದಿಡುವ ಆ್ಯಪ್ ಒಂದಕ್ಕೆ ನಾನು ಡಿಸೈನರ್. ಅಂಗಡಿಯವರು ಬಾಯಲ್ಲಿ ಹೇಳಿದರೆ ಸಾಕು, ಎಐ ಅದನ್ನು ಖಾತೆಗೆ ಬರೆಯಬೇಕು ಅನ್ನುವುದು ನಮ್ಮ ಆಸೆ. ಬೆಂಗಳೂರಿನ ಆಫೀಸಿನಲ್ಲಿ ಅದು ಚೆನ್ನಾಗಿಯೇ ನಡೆಯಿತು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೂತಾಗ ಬಣ್ಣ ಬಯಲಾಯಿತು. ಮಾಲೀಕರು "ಬಸವರಾಜ, ಅಡೀಚನೂರು" ಅಂದರು. ಅಡೀಚ ಅಂದರೆ ಎರಡೂವರೆ, ಅಲ್ಲಿಗೆ 250. ನಮ್ಮ ಎಐಗೆ ಕೇಳಿಸಿದ್ದು ಬರೀ 'ನೂರು'. "ದೀಡ ಸಾವಿರ" ಅಂದಾಗ 1500 ಹೋಗಿ 1000 ಆಯಿತು. ಸಾಲದ್ದಕ್ಕೆ ಅವರ ಖಾತೆಯಲ್ಲಿ ಮೂವರು ಬಸವರಾಜರು. ಎಐ ಯಾರನ್ನೂ ಕೇಳದೆ ಮೊದಲನೆಯವರ ತಲೆಗೆ ಕಟ್ಟಿತ್ತು!

ಆ ಪದಗಳನ್ನು ಕಲಿಸುವುದು ದೊಡ್ಡ ಕೆಲಸವಲ್ಲ. ಆದರೆ ನಾಳೆ ಇನ್ನೊಂದು ತಪ್ಪಾಗುತ್ತದೆ, ಆಗ ಏನು ಮಾಡುವುದು? ಮೊದಲು ಪ್ರತಿ ಸಲ "ಇದು ಸರಿಯೇ?" ಅಂತ ಕೇಳಿಸಿದೆವು. ಕೈಯಲ್ಲಿ ತಕ್ಕಡಿ, ಎದುರಿಗೆ ನಾಲ್ಕು ಜನ. ಎರಡೇ ದಿನಕ್ಕೆ ಹಳೇ ಕೆಂಪು ಪುಸ್ತಕ ಹೊರಗೆ ಬಂತು. ಆಮೇಲೆ ಎಐಗೆ ಎಷ್ಟು ಖಾತ್ರಿಯಿದೆ ಅಂತ 'ಶೇ. 87' ತೋರಿಸಿದೆವು. ಒಬ್ಬರು ಅದನ್ನು ಬಡ್ಡಿ ಅಂದುಕೊಂಡರು. ಲೆಕ್ಕದ ಪುಟದಲ್ಲಿ ಶೇಕಡಾ ಕಂಡರೆ ಇನ್ನೇನು ಅಂದುಕೊಳ್ಳಬೇಕು, ಅಲ್ವಾ?

ಎಐ ಬಳಸುವ ಸಾಫ್ಟ್‌ವೇರ್ ಹೇಗಿರಬೇಕು ಅಂತ ಮೈಕ್ರೋಸಾಫ್ಟ್ ಸಂಶೋಧಕರು 2019ರಲ್ಲಿ 18 ಸೂತ್ರ ಕೊಟ್ಟಿದ್ದಾರೆ. ತಪ್ಪಾದಾಗ ತಿದ್ದುವುದು ಸುಲಭ ಇರಬೇಕು ಅನ್ನುವುದೂ ಅದರಲ್ಲಿದೆ. ಓದಿದಾಗ ಸುಮ್ನೆ ತಲೆಯಾಡಿಸಿದ್ದೆ.

ಈಗ ನಮ್ಮ ಎಐ ಅನುಮಾನ ಬಂದರೆ ಮಾತ್ರ ಕೇಳುತ್ತದೆ: "ಯಾವ ಬಸವರಾಜ?" ಕೆಳಗೆ ಮೂರೂ ಹೆಸರು, ಓಣಿ ಸಮೇತ. ಉಳಿದದ್ದನ್ನು ನೇರವಾಗಿ ಬರೆಯುತ್ತದೆ. ಪಕ್ಕದಲ್ಲೇ 'ತಪ್ಪು' ಅನ್ನುವ ಬಟನ್, ಒಂದು ಸಲ ಒತ್ತಿದರೆ ಸಾಕು, ತಿದ್ದಬಹುದು. ತಿದ್ದಿದ ಮೇಲೆ ಮೊದಲು 'ಉಳಿಸು' ಅಂತ ಬರುತ್ತಿತ್ತು. ಸೇವ್‌ಗೆ ಎಲ್ಲರೂ ಹಾಕುವ ಪದ ಅದು. ಅಂಗಡಿಯವರಿಗೆ ಮಾತ್ರ ಅದು "ಬಾಕಿ ಉಳಿಸು" ಅಂತ ಕೇಳಿಸಿತು! ಈಗ 'ಖಾತೆಗೆ ಬರಿ' ಅಂತ ಮಾಡಿದ್ದೇವೆ.

ನಾವು ಯೋಚಿಸದೇ ಇದ್ದದ್ದು ಇನ್ನೊಂದಿತ್ತು. ಮಾಲೀಕರು ಫೋನನ್ನು ಗಿರಾಕಿಯ ಕಡೆ ತಿರುಗಿಸಿ ತೋರಿಸುತ್ತಿದ್ದರು. "ಇನ್ನೂರಾ ಐವತ್ತಲ್ರೀ, ಇನ್ನೂರಾ ನಲವತ್ತು" ಅಂತ ಗಿರಾಕಿಯೇ ತಿದ್ದುತ್ತಿದ್ದರು. ಅದಕ್ಕೇ ಮೊತ್ತದ ಅಂಕಿಯನ್ನು ಕೌಂಟರಿನ ಆಚೆಯಿಂದಲೂ ಕಾಣುವಷ್ಟು ದೊಡ್ಡದು ಮಾಡಿದೆವು.