ಗದೆ ಎತ್ತೋಕೂ ಉಸಿರು ಬೇಕಲ್ವಾ

ಮಕ್ಕಳು ದೊಡ್ಡವರಾದರೆ ಪುರುಸೊತ್ತು ಸಿಗುತ್ತದೆ ಅನ್ನುತ್ತಾರೆ. ಸಿಗುತ್ತದೆ, ಆದರೆ ಇಡಿಯಾಗಿ ಅಲ್ಲ, ಚೂರುಚೂರಾಗಿ. ಮಗ ಎರಡನೇ ಪಿಯುಸಿ. ಬೆಳಿಗ್ಗೆ ಆರಕ್ಕೆ ಅವನ ಟ್ಯೂಷನ್. ಮಗಳು ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ಶನಿವಾರ ಸಂಜೆ ರೈಲಿಗೆ ತುಮಕೂರಿಗೆ ಬರುತ್ತಾಳೆ. ಇಬ್ಬರೂ ನನ್ನನ್ನು ಬಿಟ್ಟು ಆರಾಮಾಗಿ ಇರಬಲ್ಲರು. ನನ್ನ ಸ್ಕೂಟರ್ ಬಿಟ್ಟು ಮಾತ್ರ ಇರಲಾರರು.

ನನ್ನದು ಮಂಡಿಪೇಟೆಯಲ್ಲಿ ದಿನಸಿ ಅಂಗಡಿ. ಮೂಟೆ ಹೊರುವವರು ಹಮಾಲರು, ನಾನು ಗಲ್ಲಾ ಮುಂದೆ ಕೂತು ಚೀಟಿ ಬರೆಯುವವನು. ಇಪ್ಪತ್ತು ವರ್ಷ ಹೀಗೇ ಕೂತರೆ ಏನಾಗಬೇಕೋ ಅದೇ ಆಗಿತ್ತು. ಎಚ್‌ಬಿಎ1ಸಿ ಪರೀಕ್ಷೆ 6.2 ತೋರಿಸಿತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಗಡಿಯಲ್ಲಿದ್ದೀರಿ ಅಂತ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಆರು ತಿಂಗಳು ನಡೀರಿ, ಆಮೇಲೆ ನೋಡೋಣ" ಅಂದರು.

ನಿಜ ಹೇಳಬೇಕೆಂದರೆ ಬರೀ ಆ ಮಾತಿಗೆ ನಾನು ಹೆಚ್ಚು ದಿನ ನಡೆಯುತ್ತಿರಲಿಲ್ಲ. ನನ್ನನ್ನು ನಡೆಸಿದ್ದು ಭೀಮನ ಪಾರ್ಟು.

ನಮ್ಮ ಜಿಲ್ಲೆಯವರಿಗೆ ಪೌರಾಣಿಕ ನಾಟಕ ಅಂದರೆ ಬಿಡಿಸಿ ಹೇಳಬೇಕಿಲ್ಲ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿ ನಮ್ಮ ಪಕ್ಕದಲ್ಲೇ ಇದೆ. ಅದರ ಗಾಳಿ ಸುತ್ತಮುತ್ತಲ ಊರುಗಳಿಗೆಲ್ಲ ಬೀಸಿದೆ. ಇವತ್ತಿಗೂ ಜಾತ್ರೆ ಬಂತೆಂದರೆ ರೈತರು, ಮೇಷ್ಟ್ರುಗಳು, ಅಂಗಡಿಯವರು, ಬಸ್ ಡ್ರೈವರುಗಳು ಸೇರಿ ಕೌರವ ಪಾಂಡವರಾಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಸುತ್ತಾರೆ. ಪಾರ್ಟು ಹಾಕುವವರೇ ದುಡ್ಡು ಕೊಡಬೇಕು. ಪಾರ್ಟು ದೊಡ್ಡದಾದಷ್ಟೂ ಪಾಲು ದೊಡ್ಡದು. ದುಡ್ಡು ಕೊಟ್ಟು ಬೆವರು ಸುರಿಸುವ ಹವ್ಯಾಸ ಇದು. ಜಿಮ್ಮಿಗಿಂತ ಏನೂ ಕಡಿಮೆ ಅಲ್ಲ!

ಹುಡುಗನಾಗಿದ್ದಾಗ ಊರಲ್ಲಿ ಸಣ್ಣಪುಟ್ಟ ಪಾರ್ಟು ಹಾಕಿದ್ದೆ. ಮದುವೆ, ಅಂಗಡಿ, ಮಕ್ಕಳು ಅಂತ ಅದು ನಿಂತೇ ಹೋಗಿತ್ತು. ಮಗಳು ಹಾಸ್ಟೆಲಿಗೆ ಹೋದ ವರ್ಷ ಊರಿನವರು ಕರೆದರು. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಟ್ಟೆ ಭೀಮನಿಗೆ ಸರಿಯಾಗೈತೆ ಸಾವ್ಕಾರ್ರೇ, ಉಸಿರು ಸಾಲದು" ಅಂದರು. ಒಂದು ಪದ್ಯ ಹಾಡಿ ಆಲಾಪ ಎಳೆಯುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಭೀಮನ ಕಷ್ಟ ಬೇರೆಯೇ ಇದೆ. ನಾಟಕ ರಾತ್ರಿ ಒಂಬತ್ತು ಗಂಟೆ ಮೇಲೆ ಶುರು. ಗದಾಯುದ್ಧ ಬರುವುದು ಕಟ್ಟಕಡೆಗೆ, ಬೆಳಗಿನ ಜಾವಕ್ಕೆ. ಅಲ್ಲಿವರೆಗೂ ಕಿರೀಟ, ಭುಜಕೀರ್ತಿ ಹೊತ್ತು ನಿದ್ದೆಗೆಟ್ಟು ಕೂತಿದ್ದು, ಆಮೇಲೆ ಎದ್ದು ಗದೆ ಬೀಸುತ್ತಾ ರಂಗದ ತುಂಬ ಕುಣಿಯಬೇಕು. ದುರ್ಯೋಧನ ಗೆದ್ದುಬಿಟ್ಟರೆ ಊರಿನವರು ಸುಮ್ನೆ ಬಿಡ್ತಾರಾ?

ಹೀಗೆ ನನ್ನ ತಾಲೀಮು ಶುರುವಾಯಿತು.

ಮಗನನ್ನು ಟ್ಯೂಷನ್ನಿಗೆ ಬಿಟ್ಟಮೇಲೆ ಮೊದಲೆಲ್ಲ ಮನೆಗೆ ಬಂದು ಇನ್ನೊಂದು ನಿದ್ದೆ ತೆಗೆಯುತ್ತಿದ್ದೆ. ಈಗ ಸೀದಾ ಅಮಾನಿಕೆರೆಗೆ ಹೋಗುತ್ತೇನೆ. ಕೆರೆ ಪಕ್ಕದ ದಾರಿಯಲ್ಲಿ ಆ ಹೊತ್ತಿಗೆ ಅರ್ಧ ತುಮಕೂರು ಇರುತ್ತದೆ. ಬ್ಯಾಂಕಿನವರು, ರಿಟೈರಾದವರು, ಪೊಲೀಸ್ ಭರ್ತಿಗೆ ಓಡುವ ಹುಡುಗರು. ಗಾಜಿನ ಮನೆ ಹತ್ತಿರ ನಿಂತು ರಾಜಕೀಯ ಮಾತಾಡುವವರದು ಒಂದು ಗುಂಪು. ಅವರ ಜೊತೆ ಸೇರಬೇಡಿ. ಒಳ್ಳೆಯ ಜನವೇ, ಆದರೆ ಅವರು ನಡೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು. ಅದರ ಜೊತೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಬೇಕು. ಬಿರುಸು ಎಷ್ಟು ಅಂತ ಗೊತ್ತಾಗಲು ವಾಚು ಬೇಡ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನನಗೆ ಇದು ಬಹಳ ಅನುಕೂಲವಾಯಿತು. ಭೀಮನ ಮಾತುಗಳನ್ನು ಹೇಳುತ್ತಾ ನಡೆಯುತ್ತೇನೆ. ಮಾತು ಸಲೀಸಾಗಿ ಬಂದು, ಪದ್ಯ ಎತ್ತಿಕೊಂಡರೆ ಉಸಿರು ಕಟ್ಟಿದರೆ ವೇಗ ಸರಿಯಾಗಿದೆ ಅಂತ. ಪದ್ಯವೂ ಸಲೀಸಾಗಿ ಬಂದರೆ ಇನ್ನೂ ಜೋರಾಗಿ ನಡೆಯಬೇಕು. "ಎಲವೋ ದುರ್ಯೋಧನಾ" ಅಂತ ಒಂದು ಸಲ ಜೋರಾಗಿಯೇ ಅಂದುಬಿಟ್ಟೆ. ಮುಂದೆ ಹೋಗುತ್ತಿದ್ದ ಅಜ್ಜಿ ದಾರಿ ಬಿಟ್ಟು ನಿಂತರು.

ನನ್ನ ಹೆಂಡತಿಯೂ ಅದೇ ಕೆರೆಯಲ್ಲಿ ನಡೆಯುತ್ತಾಳೆ, ಸಂಜೆ ಹೊತ್ತು, ಅವಳ ಗೆಳತಿಯರ ಜೊತೆ. ಗಂಡ ಹೆಂಡತಿ ಜೊತೆಯಾಗಿ ವಾಕಿಂಗ್ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮಿಬ್ಬರ ವೇಗ ಬೇರೆ, ಮಾತೂ ಬೇರೆ. ಜೊತೆಗೆ ಹೋದರೆ ಮಕ್ಕಳ ಫೀಸು, ಮಕ್ಕಳ ಸಿಇಟಿ, ಮಕ್ಕಳ ಮೊಬೈಲು, ಬರೀ ಇಷ್ಟೇ. ದಿನದಲ್ಲಿ ಒಂದು ಗಂಟೆ ಇಬ್ಬರೂ ಅಪ್ಪ ಅಮ್ಮನ ಕೆಲಸದಿಂದ ರಜೆ ತಗೊಂಡರೆ ಮನೆಗೇ ಒಳ್ಳೆಯದು.

ರಾತ್ರಿ ಊಟ ಆದಮೇಲೆ ಹದಿನೈದು ನಿಮಿಷ ನಮ್ಮ ಬೀದಿಯಲ್ಲೇ ಓಡಾಡುತ್ತೇನೆ. ಉಂಡ ತಕ್ಷಣ ನಡೆದರೆ ಕಾಲಿನ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತದೆ. ಊಟದ ನಂತರ ಸಕ್ಕರೆ ಜಾಸ್ತಿ ಏರುವುದಿಲ್ಲ. ಬೀದಿನಾಯಿಗಳ ಕಾಟ ಇದೆ, ಕೈಯಲ್ಲಿ ಕೋಲು ಇರಲಿ. ಮುದ್ದೆ ಬಿಟ್ಟಿಲ್ಲ, ಗಾತ್ರ ಕಡಿಮೆ ಮಾಡಿದ್ದೇನೆ. ರಾಗಿ ಅಂತ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವುದು ತಪ್ಪು, ಅದರಲ್ಲೂ ಹೆಚ್ಚಾಗಿ ಇರುವುದು ಪಿಷ್ಟವೇ. ಹುರುಳಿಕಾಳು ಸಾರು, ಸೊಪ್ಪು, ಮೊಟ್ಟೆ ಜಾಸ್ತಿಯಾಗಿವೆ.

ನಡೆಯುವುದಷ್ಟೇ ಸಾಲದು ಅಂತ ಹೇಳಿದ್ದು ಮಗಳು. "ಅಪ್ಪ, ನೀನು ಗದೆ ಎತ್ತಬೇಕು ತಾನೇ? ಕೈಗೆ ಏನ್ ಮಾಡ್ತಿದ್ದೀಯ?" ಅಂತ ಕೇಳಿದಳು. ವಯಸ್ಸಾದಂತೆ ಮಾಂಸಖಂಡ ಸವೆಯುತ್ತಾ ಹೋಗುತ್ತದೆ. ನಡಿಗೆ ಒಂದರಿಂದಲೇ ಅದು ನಿಲ್ಲುವುದಿಲ್ಲ. ನಮ್ಮಪ್ಪನ ಕಾಲದ ಗರಡಿಯಲ್ಲಿ ಬಸ್ಕಿ, ದಂಡ ಹೊಡೆಸುತ್ತಿದ್ದರು. ಅವನ್ನೇ ಮಗಳು ನನಗೆ ಮೆಲ್ಲಗೆ ಕಲಿಸಿದಳು. ಬಸ್ಕಿಗೆ ಮೊದಲು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ದಂಡಕ್ಕೆ ಮೊದಲು ಗೋಡೆಗೆ ಕೈ ಕೊಟ್ಟು ತಳ್ಳುವುದು. ಆಮೇಲೆ ಅಂಗಡಿಯ ಕೌಂಟರಿಗೆ, ಆಮೇಲೆ ನೆಲಕ್ಕೆ. ಐದು ಕಿಲೋ ಅಕ್ಕಿ ಚೀಲ ಎರಡು ಕೈಗೂ ಹಿಡಿದು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆಯುವುದೂ ಒಂದು. ಈಗ ಹತ್ತು ಕಿಲೋ ಚೀಲ. ಗಿರಾಕಿ ಇಲ್ಲದ ಮಧ್ಯಾಹ್ನ ಮಾಡುತ್ತೇನೆ. ಹಮಾಲರು ಮೊದಮೊದಲು ನಕ್ಕರು. ಆಮೇಲೆ ಅವರೇ ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತುವುದು ಹೇಗೆ ಅಂತ ತೋರಿಸಿಕೊಟ್ಟರು. ಮೊಬೈಲಿನ ವಿಡಿಯೋಗಿಂತ ಅದು ಚೆನ್ನಾಗಿ ಅರ್ಥವಾಯಿತು.

ಭಾನುವಾರ ಬೆಟ್ಟ. ಹೆಚ್ಚಾಗಿ ಸಿದ್ಧಗಂಗೆಯದೇ. ಮಠದ ಹತ್ತಿರ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಇಳಿಯುವುದು. ಮಗಳು ಊರಿಗೆ ಬಂದಿದ್ದರೆ ಅವಳೂ ಬರುತ್ತಾಳೆ. ಅವಳು ಮನೆಯಲ್ಲಿ ಹೇಳದ ವಿಷಯಗಳೆಲ್ಲ ಮೆಟ್ಟಿಲ ಮೇಲೆ ಹೊರಗೆ ಬರುತ್ತವೆ. ಏದುಸಿರಲ್ಲಿ ನಾನು ಬುದ್ಧಿ ಹೇಳಲು ಆಗುವುದಿಲ್ಲ, ಅದಕ್ಕೇ ಇರಬೇಕು. ಮಗ ಬರುವುದಿಲ್ಲ. ಅವನಿಗೆ ಭಾನುವಾರ ಅಂದರೆ ನಿದ್ದೆ. ಒಂದೆರಡು ಸಲ ಎಬ್ಬಿಸಿ ನೋಡಿ ಬಿಟ್ಟುಬಿಟ್ಟೆ. ಹದಿನೇಳು ವರ್ಷದ ಹುಡುಗನನ್ನು ಬಲವಂತವಾಗಿ ಬೆಟ್ಟ ಹತ್ತಿಸಿದರೆ ಬೆಟ್ಟಕ್ಕೂ ಬೇಜಾರು.

ದೂರ ಹೋಗುವ ಮನಸ್ಸಾದರೆ ದೇವರಾಯನದುರ್ಗ. ಊರಿಂದ ಸುಮಾರು 15 ಕಿಲೋಮೀಟರ್. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಕೆಳಗಿನ ಗುಡಿ ಹತ್ತಿರವೇ ಗಾಡಿ ಬಿಟ್ಟು ನಡೆದರೆ ತಾಲೀಮು ಚೆನ್ನಾಗಿ ಆಗುತ್ತದೆ. ಕೈಯಲ್ಲಿ ತಿಂಡಿ ಕವರ್ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ. ಬರುವಾಗ ನಾಮದ ಚಿಲುಮೆಯ ನೆರಳಲ್ಲಿ ಕೂತು ಬರುತ್ತೇವೆ.

ಬೆಟ್ಟದ ಬಗ್ಗೆ ಒಂದು ಮಾತು. ಹತ್ತುವಾಗ ಸುಸ್ತಾಗುವುದು ಎದೆಗೆ, ನೋಯುವುದು ಇಳಿಯುವಾಗ, ಅದೂ ಮಂಡಿ. ಇಳಿಯುವಾಗ ತೊಡೆಯ ಮಾಂಸಖಂಡ ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಮರುದಿನ ತೊಡೆ ಹಿಡಿದುಕೊಳ್ಳುವುದು ಅದಕ್ಕೇ. ಧಡಧಡ ಇಳಿಯದೆ, ಮಂಡಿ ಸ್ವಲ್ಪ ಬಗ್ಗಿಸಿ, ಬೇಕಾದರೆ ಓರೆಯಾಗಿ ಕಾಲಿಟ್ಟು ಇಳಿಯಿರಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ಕೂರಿ. ಭೀಮನೂ ಕೂರುತ್ತಿದ್ದ. ಡಾಕ್ಟರಿಗೆ ಹೇಳದೆ ಮತ್ತೆ ಹತ್ತಬೇಡಿ. ನಲವತ್ತೈದು ದಾಟಿದವರು ಶುರು ಮಾಡುವ ಮೊದಲೇ ಬಿಪಿ, ಶುಗರ್ ನೋಡಿಸಿಕೊಳ್ಳುವುದು ಒಳ್ಳೆಯದು.

ಸಿದ್ಧಗಂಗೆಯಿಂದ ಇಳಿದರೆ ಕ್ಯಾತ್ಸಂದ್ರ, ಕ್ಯಾತ್ಸಂದ್ರ ಅಂದಮೇಲೆ ತಟ್ಟೆ ಇಡ್ಲಿ. ಅದರ ಮುಂದೆ ಶಿಸ್ತು ಗಿಸ್ತು ನಡೆಯುವುದಿಲ್ಲ. ಒಂದು ತಟ್ಟೆ ಇಡ್ಲಿ ತಿನ್ನುತ್ತೇನೆ, ಬೆಣ್ಣೆ ಬೇಡ ಅನ್ನುತ್ತೇನೆ. ಒಂದೊಂದು ಸಲ ಬೇಡ ಅನ್ನುವುದು ಮರೆತುಹೋಗುತ್ತದೆ.

ನಾಟಕ ಜಾತ್ರೆಯ ರಾತ್ರಿ ನಡೆಯಿತು. ಅಭ್ಯಾಸದ ತಿಂಗಳುಗಳಲ್ಲಿ ಮನೆಯವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ರೀ, ಭೀಮಸೇನ ಅವ್ರು ಹಾಲು ತರ್ತಾರೋ, ನಾನೇ ಹೋಗ್ಲೋ?" ಆವತ್ತು ಅವಳೇ ಮುಂದಿನ ಸಾಲಲ್ಲಿ ಕೂತಿದ್ದಳು. ನೆಂಟರು ಹಾರ ಹಾಕಲು ಸಾಲಾಗಿ ಬಂದರು. ಹಾರದ ಭಾರವನ್ನೂ ಹೊತ್ತುಕೊಂಡು ಗದಾಯುದ್ಧ ಮುಗಿಸಿದೆ, ಪದ್ಯ ಎಲ್ಲೂ ತುಂಡಾಗಲಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವನಾದ ದುರ್ಯೋಧನ ಕೆಳಗೆ ಬಿದ್ದಮೇಲೆ, "ಅಣ್ಣಾ, ಬೇಗ ಮುಗ್ಸಿದ್ದಕ್ಕೆ ಪುಣ್ಯ ಬರ್ಲಿ" ಅಂತ ಪಿಸುಗುಟ್ಟಿದ. ಮೇಷ್ಟ್ರು ಹೊಗಳಲಿಲ್ಲ, ಮುಂದಿನ ಸಲ ಯಾವ ಪಾರ್ಟು ಅಂತ ಕೇಳಿದರು.

ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ 5.8 ಬಂದಿದೆ. ಇನ್ನೂ ಗಡಿಯಲ್ಲೇ ಇದ್ದೇನೆ, ಆದರೆ ಕೆಳಗಿನ ಅಂಚಿಗೆ ಬಂದಿದ್ದೇನೆ. ಡಾಕ್ಟರು ಇದನ್ನೇ ಮುಂದುವರಿಸಿ ಅಂದರು. ಮಗಳು ಈಗ ಮಧುಗಿರಿ ಬೆಟ್ಟ ಹತ್ತೋಣ ಅಂತ ಹಟ ಹಿಡಿದಿದ್ದಾಳೆ. ಇಡೀ ಬೆಟ್ಟ ಒಂದೇ ಬಂಡೆ. ಮೇಲೆ ಹೋದಂತೆ ಕಡಿದಾಗುತ್ತದೆ, ಬಿಸಿಲೇರಿದರೆ ಕಾವಲಿಯಂತೆ ಕಾಯುತ್ತದೆ. ಡಿಸೆಂಬರಿನಲ್ಲಿ, ಬೆಳಿಗ್ಗೆ ಬೇಗ ಹೋದರೆ ಬರುತ್ತೇನೆ ಅಂದಿದ್ದೇನೆ. ಆ ದಿನ ಅಂಗಡಿ ಕೀಲಿ ಮಗನ ಕೈಗೆ. ಅವನು ಆಗಲೇ ಸಂಬಳ ಎಷ್ಟು ಅಂತ ಕೇಳಿದ್ದಾನೆ.